ಕೋಟೆಗೆ ಫಿಲ್ಮ್ ಕ್ಯಾಮೆರಾ ಒಯ್ಯುವವರಿಗೆ: ಪ್ರೋಗ್ರಾಂ ಮೋಡ್ ಬಗ್ಗೆ
ಚಿತ್ರದುರ್ಗದ ಕೋಟೆಗೆ ಕ್ಯಾನನ್ ಎಇ-1 ಪ್ರೋಗ್ರಾಂ ತಗೊಂಡು ಹೋಗುವವರಿದ್ದರೆ, ಮೊದಲು ಎಎಸ್‌ಎ ಡಯಲ್ (ರೋಲ್ ಬೆಳಕಿಗೆ ಎಷ್ಟು ಸೂಕ್ಷ್ಮ ಅಂತ ಕ್ಯಾಮೆರಾಗೆ ಹೇಳುವ ಅಂಕಿ) ನೋಡಿಕೊಳ್ಳಿ. 1981ರ ಕ್ಯಾಮೆರಾ ಇದು, ಯಾವ ರೋಲ್ ಹಾಕಿದ್ದೀರಿ ಅಂತ ಅದಕ್ಕೆ ತಾನಾಗಿ ಗೊತ್ತಾಗುವುದಿಲ್ಲ. ನಾನು ಒಮ್ಮೆ 200ರ ರೋಲ್ ಹಾಕಿ, ಡಯಲ್ 800ರಲ್ಲೇ ಬಿಟ್ಟು, 36 ಫೋಟೋನೂ ಕತ್ತಲೆ ಮಾಡಿಕೊಂಡೆ.

ಆಮೇಲೆ ಶಟರ್ ಡಯಲ್ ಪ್ರೋಗ್ರಾಂಗೆ, ಲೆನ್ಸ್ ರಿಂಗ್ 'ಎ'ಗೆ ತಿರುಗಿಸಿ. ಎರಡೂ ಆಗಬೇಕು, ಆಗಲೇ ಶಟರ್ ವೇಗ, ಲೆನ್ಸ್ ಎಷ್ಟು ತೆರೆಯಬೇಕು ಎರಡನ್ನೂ ಕ್ಯಾಮೆರಾವೇ ನೋಡಿಕೊಳ್ಳುತ್ತದೆ. ಫೋಕಸ್ ಮಾತ್ರ ನಿಮ್ಮ ಕೆಲಸವೇ! ವ್ಯೂಫೈಂಡರ್‌ನಲ್ಲಿ ಹಸಿರು 'ಪಿ' ಮಿನುಗಿದರೆ ಶಟರ್ ನಿಧಾನವಾಗಿದೆ, ಸುಮಾರು 1/30 ಸೆಕೆಂಡಿಗೆ ಇಳಿದಿದೆ ಅಂತ ಅರ್ಥ, ಓಬವ್ವನ ಕಿಂಡಿಯ ನೆರಳಲ್ಲಿ ಹೀಗಾಗಬಹುದು, ಆಗ ಮೊಣಕೈಯನ್ನು ಬಂಡೆಗೆ ಊರಿ ಉಸಿರು ಹಿಡಿದು ಒತ್ತಿ.

ಜಾಸ್ತಿ ಮೋಸ ಆಗುವುದು ಬತೇರಿ (ಕೋಟೆಯ ಬುರುಜು) ಮೇಲೆ ಯಾರನ್ನಾದರೂ ನಿಲ್ಲಿಸಿದಾಗ. ಹಿಂದಿನ ಬೆಳ್ಳನೆ ಆಕಾಶ ನೋಡಿ ಕ್ಯಾಮೆರಾದ ಬೆಳಕಿನ ಮೀಟರ್ ಫೋಟೋಗೆ ಬೀಳುವ ಬೆಳಕು ಕಡಿಮೆ ಮಾಡಿಬಿಡುತ್ತದೆ, ಮುಖ ಕಪ್ಪಗೆ ಬರುತ್ತದೆ. ಹತ್ತಿರ ಹೋಗಿ ಮುಖ ಮಾತ್ರ ತುಂಬುವಂತೆ ಹಿಡಿದು, ಶಟರ್ ಬಟನ್ ಅರ್ಧ ಒತ್ತಿಕೊಂಡೇ ಎಇ ಲಾಕ್ (ಅಳೆದ ಬೆಳಕನ್ನು ಹಾಗೇ ಹಿಡಿದಿಡುವ ಗುಂಡಿ) ಒತ್ತಿ, ಶಟರ್ ಬಟನ್ ಬಿಡದೆ ಹಿಂದೆ ಬಂದು ಕ್ಲಿಕ್ಕಿಸಿ. ಹಿಂದೆ ಬರುವಾಗ ಮೆಟ್ಟಿಲು ನೋಡಿಕೊಳ್ಳಿ ಮಾರಾಯ್ರೇ.