ಹವಾಯಿಗೆ ಹೊಸದಾಗಿ ಬಂದವರಿಗೆ: ಕಡಲು ಹಿಂದೆ ಸರಿದರೆ ಗುಡ್ಡದ ಕಡೆ ನಡೆಯಿರಿ

ಬಂದ ಹೊಸದರಲ್ಲಿ ಮನೆ, ಸ್ಕೂಲು, ಕಾರು ಅಂತ ಓಡಾಟವೇ ಜಾಸ್ತಿ. ಅದರ ನಡುವೆಯೇ ಈ ಕೆಲಸವನ್ನೂ ಮುಗಿಸಿಬಿಡಿ. ನಿಮ್ಮ ಮನೆ, ಆಫೀಸು, ಮಕ್ಕಳ ಸ್ಕೂಲು ಸುನಾಮಿ ವಲಯದೊಳಗೆ ಬರುತ್ತವೆಯೇ ಎಂದು ಸರ್ಕಾರದ ನಕ್ಷೆಯಲ್ಲಿ ನೋಡಿಕೊಳ್ಳಿ.

ಇಲ್ಲಿನ ಮೂಲ ಜನ ಸುನಾಮಿಯನ್ನು ತಲೆತಲಾಂತರದಿಂದ ಬಲ್ಲರು. ಏರಿ ಬರುವ ಕಡಲನ್ನು ಅವರು 'ಕೈ ಎ-ಎ' ಎನ್ನುತ್ತಾರೆ. ಅದಕ್ಕೂ ಮುಂಚೆ ನೀರು ಹಿಂದಕ್ಕೆ ಎಳೆದುಕೊಂಡು ಹೋಗುತ್ತದಲ್ವಾ, ಅದು 'ಕೈ ಮಿಮಿಕಿ'. ಮಕ್ಕಳಿಗೆ ಈ ಎರಡನೆಯದನ್ನು ತಪ್ಪದೆ ಹೇಳಿಕೊಡಿ. 1946ರ ಏಪ್ರಿಲ್ 1ರ ಬೆಳಿಗ್ಗೆ ಬಿಗ್ ಐಲೆಂಡಿನ (ಇಲ್ಲಿನ ಅತಿ ದೊಡ್ಡ ದ್ವೀಪ) ಲೌಪಾಹೊಯೆಹೊಯೆಯಲ್ಲಿ ನೀರು ಇಳಿದು ಕಡಲತಳ ಕಾಣಿಸಿತು. ಅದನ್ನು ನೋಡಲು ಶಾಲೆಯ ಮಕ್ಕಳು ದಡಕ್ಕೆ ಓಡಿದರು. ಅಷ್ಟರಲ್ಲಿ ಅಲೆ ಬಂತು. ಅಂದು ಸುನಾಮಿಗೆ ಇಡೀ ಹವಾಯಿಯಲ್ಲಿ 159 ಜನ ತೀರಿಕೊಂಡರು.

ರಾತ್ರಿ ಮಲಗುವಾಗ ಹೇಳಲು ಇಲ್ಲಿಯದೇ ಒಂದು ಕಥೆ ಇದೆ. ಲಾಲೋಹಾನಾ ಕಡಲಡಿಯಲ್ಲಿ ಇದ್ದವಳು. ಕೋನಿಕೋನಿಯ ಎಂಬ ಅರಸ ಅವಳನ್ನು ಮೇಲಕ್ಕೆ ಕರೆಸಿಕೊಂಡ. ಅವಳು ಅವನನ್ನು ಎಚ್ಚರಿಸಿದಳು: ಮೀನಿನ ರೂಪದ ನನ್ನ ಅಣ್ಣತಮ್ಮಂದಿರು ನನ್ನನ್ನು ಹುಡುಕಿಕೊಂಡು ಬರುತ್ತಾರೆ, ಅವರ ಹಿಂದೆಯೇ ಕಡಲೂ ಏರುತ್ತದೆ, ಎಲ್ಲರೂ ಎತ್ತರಕ್ಕೆ ಹೋಗಿ. ಕಡಲು ಏರಿತು, ಮನೆಗಳು ಮುಳುಗಿದವು. ಮಕ್ಕಳ ಮನಸ್ಸಿನಲ್ಲಿ ಇದು ಯಾವ ನಕ್ಷೆಗಿಂತಲೂ ಚೆನ್ನಾಗಿ ಉಳಿಯುತ್ತದೆ.

ಪ್ರತಿ ತಿಂಗಳ ಮೊದಲ ಕೆಲಸದ ದಿನ ಬೆಳಿಗ್ಗೆ 11:45ಕ್ಕೆ ಸೈರನ್ ಕೂಗುತ್ತದೆ. ಅದು ಪರೀಕ್ಷೆ, ಗಾಬರಿ ಬೇಡ. ಬೇರೆ ಹೊತ್ತಿನಲ್ಲಿ ಕೂಗಿದರೆ ಕೂಡಲೇ ರೇಡಿಯೋ ಅಥವಾ ಟಿವಿ ಹಾಕಿ. ದಡದ ಹತ್ತಿರ ಇದ್ದಾಗ ನೆಲ ಜೋರಾಗಿ ನಡುಗಿದರೆ ಸೈರನ್‌ಗೂ ಕಾಯಬೇಡಿ, ಎತ್ತರಕ್ಕೆ ನಡೆಯಿರಿ. 1975ರಲ್ಲಿ ಬಿಗ್ ಐಲೆಂಡಿನ ಹಲಾಪೆ ದಡದಲ್ಲಿ ಬಿಡಾರ ಹೂಡಿದ್ದವರ ಮೇಲೆ ಅಲೆ ಬಂದಿದ್ದು ಭೂಕಂಪವಾದ ಸ್ವಲ್ಪ ಹೊತ್ತಿನಲ್ಲೇ. ಎತ್ತರದ ಜಾಗ ತಲುಪಲು ಆಗದಿದ್ದರೆ, ಹತ್ತು ಅಥವಾ ಅದಕ್ಕಿಂತ ಜಾಸ್ತಿ ಅಂತಸ್ತಿನ ಕಾಂಕ್ರೀಟ್ ಕಟ್ಟಡದಲ್ಲಿ ನಾಲ್ಕನೇ ಮಹಡಿ ಅಥವಾ ಅದಕ್ಕೂ ಮೇಲೆ ಹೋಗಿ.

ಮೊದಲ ಅಲೆ ಚಿಕ್ಕದಾಗಿತ್ತು ಅಂತ ದಯವಿಟ್ಟು ವಾಪಸ್ ಬರಬೇಡಿ. 1960ರ ಮೇ 22ರ ರಾತ್ರಿ ಬಿಗ್ ಐಲೆಂಡಿನ ಹಿಲೋ ಊರಿನಲ್ಲಿ ಸೈರನ್ ಕೂಗಿತ್ತು, ನಡುರಾತ್ರಿ ದಾಟಿದ ಮೇಲೆ ಬಂದ ಮೊದಲ ಅಲೆಗಳು ಸಣ್ಣವೇ ಆಗಿದ್ದವು. ಆಮೇಲೆ ಬಂದ ದೊಡ್ಡ ಅಲೆಗೆ ಊರಿನ ದಡದ ಭಾಗ ಕೊಚ್ಚಿಹೋಯಿತು, 61 ಜನ ಸತ್ತರು. ಅಲ್ಲಿನ ವೈಯಾಕೇಯಾ ಬಡಾವಣೆಯ ಬೀದಿ ಗಡಿಯಾರ ರಾತ್ರಿ 1:04ಕ್ಕೆ ನಿಂತಿದ್ದು ಹಾಗೇ ಇದೆ. ಹಿಲೋಗೆ ಹೋದಾಗ ಮಕ್ಕಳಿಗೆ ತೋರಿಸಿ.

ಊರಿಂದ ಅಪ್ಪ ಅಮ್ಮ ಬಂದಿದ್ದರೆ ಇದನ್ನೆಲ್ಲ ಅವರಿಗೂ ಹೇಳಿಡಿ. ನೀವು ಕೆಲಸಕ್ಕೆ ಹೋದಾಗ ಮನೆಯಲ್ಲಿ ಇರುವವರು ಅವರೇ. ಯಾವ ದಾರಿ ಹಿಡಿದು ಎಲ್ಲಿಗೆ ಹೋಗಬೇಕು ಅಂತ ಅವರ ಜೊತೆ ಒಮ್ಮೆ ನಡೆದು ನೋಡಿ.