ಬೇಳೆ ಬೇಯುವ ನೀರಲ್ಲೂ ಫ್ಲೋರೈಡ್: ಅಳೆಯುವುದು, ತೆಗೆಯುವುದು ಹೇಗೆ?

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆ ಹೊಸ ಬೋರ್‌ವೆಲ್ ಕೊರೆಸಿದರೆ ಮೊದಲ ಪರೀಕ್ಷೆ ನಾಲಿಗೆಯದು, ಎರಡನೆಯದು ಒಲೆಯದು. ಸವಳಿಲ್ಲ, ಬೇಳೆ ಬೇಗ ಬೇಯುತ್ತದೆ, ಸೋಪು ನೊರೆ ಬರುತ್ತದೆ ಎಂದರೆ ನೀರು ಒಳ್ಳೆಯದು ಎಂದು ಎಲ್ಲರೂ ಒಪ್ಪಿಬಿಡುತ್ತಾರೆ. ಫ್ಲೋರೈಡ್ ವಿಷಯದಲ್ಲಿ ಈ ಲೆಕ್ಕ ತಲೆಕೆಳಗು. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಫ್ಲೋರೈಡನ್ನು ಹಿಡಿದು ಕಲ್ಲಿನಲ್ಲೇ ಉಳಿಸುತ್ತದೆ. ಕ್ಯಾಲ್ಸಿಯಂ ಕಡಿಮೆಯಾಗಿ ಸೋಡಾದ ಅಂಶ, ಅಂದರೆ ಬೈಕಾರ್ಬೊನೇಟ್, ಹೆಚ್ಚಿದ್ದಾಗ ಗ್ರಾನೈಟ್ ಬಂಡೆಯೊಳಗಿನ ಫ್ಲೋರೈಡ್ ನೀರಿಗೆ ಸಲೀಸಾಗಿ ಇಳಿಯುತ್ತದೆ. ಬೇಳೆ ಬೇಗ ಬೇಯುವುದು ಇಂಥ ಮೆದು ನೀರಿನಲ್ಲೇ.

ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಬಿಡಬಹುದು. ಮಕ್ಕಳ ಶಾಶ್ವತ ಹಲ್ಲು ಒಸಡಿನೊಳಗೆ ರೂಪುಗೊಳ್ಳುವುದು ಸುಮಾರು ಎಂಟು ವರ್ಷದೊಳಗೆ. ಆ ವಯಸ್ಸಿನಲ್ಲಿ ಮಿತಿ ಮೀರಿದ ಫ್ಲೋರೈಡ್ ಒಳಹೋದರೆ ಹಲ್ಲಿನ ಮೇಲೆ ಬರುವ ಬಿಳಿ ಗೆರೆ, ಕಂದು ಕಲೆ ಆಮೇಲೆ ಯಾವ ನೀರು ಕುಡಿಸಿದರೂ ಹೋಗುವುದಿಲ್ಲ. ಆದ್ದರಿಂದ ಎಳೆ ಮಕ್ಕಳಿರುವ ಮನೆಯವರು ಪರೀಕ್ಷೆಯನ್ನು ಮುಂದೂಡಬೇಡಿ.

ಕೆಲವು ನಂಬಿಕೆಗಳನ್ನು ಮೊದಲೇ ಬದಿಗಿಡಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದು ಗಟ್ಟಿಯಾಗುತ್ತದೆ. ಕ್ಯಾಂಡಲ್ ಫಿಲ್ಟರ್, ಯುವಿ ಯಂತ್ರ, ತಾಮ್ರದ ಬಿಂದಿಗೆ ಇವುಗಳಲ್ಲಿ ಯಾವುದೂ ಫ್ಲೋರೈಡನ್ನು ಮುಟ್ಟುವುದಿಲ್ಲ. ಟಿಡಿಎಸ್ ಮೀಟರ್ ತೋರಿಸುವುದು ಕರಗಿರುವ ಎಲ್ಲ ಲವಣಗಳ ಮೊತ್ತ ಮಾತ್ರ. ಅದರಲ್ಲಿ 300 ಬಂದ ನೀರಿನಲ್ಲೂ ಫ್ಲೋರೈಡ್ 3 ಇರಬಹುದು.

ಮಾದರಿ ಹಿಡಿಯುವುದು

ಪಂಪ್ ಹದಿನೈದು ನಿಮಿಷ ಓಡಲಿ. ಆಮೇಲೆ ಅದೇ ನೀರಿನಲ್ಲಿ ಮೂರು ಸಲ ತೊಳೆದ ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ಕತ್ತಿನವರೆಗೆ ತುಂಬಿ. ಫ್ಲೋರೈಡ್ ಮಾದರಿಗೆ ಗಾಜಿನ ಬಾಟಲಿ ಬೇಡ. ಓವರ್‌ಹೆಡ್ ಟ್ಯಾಂಕಿನಿಂದಲೂ, ಬ್ಲೀಚಿಂಗ್ ಪೌಡರ್ ಹಾಕಿದ ಸಿಸ್ಟರ್ನಿನಿಂದಲೂ ಹಿಡಿಯಬೇಡಿ. ಬೇಸಿಗೆಯ ಕೊನೆಗೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಪರೀಕ್ಷಿಸಿ. ಒಂದೇ ಬಾವಿಯ ಎರಡು ಅಂಕಿಗಳಲ್ಲಿ ವ್ಯತ್ಯಾಸವಿರುತ್ತದೆ.

ಕಿಟ್ ಓದುವುದು

ಗ್ರಾಮ ಪಂಚಾಯಿತಿಗಳಿಗೆ ಕೊಟ್ಟಿರುವ ಕಿಟ್‌ಗಳೂ ಅಂಗಡಿಯಲ್ಲಿ ಸಿಗುವ ಕಿಟ್‌ಗಳೂ ಬಹುತೇಕ ಒಂದೇ ತತ್ವದ ಮೇಲೆ ನಡೆಯುತ್ತವೆ. ಜಿರ್ಕೋನಿಯಂ ಸೇರಿಸಿದ ಗಾಢ ಬಣ್ಣವೊಂದಿರುತ್ತದೆ. ಫ್ಲೋರೈಡ್ ಆ ಜಿರ್ಕೋನಿಯಂ ಅನ್ನು ಕಸಿದುಕೊಂಡಷ್ಟೂ ಬಣ್ಣ ಬದಲಾಗುತ್ತದೆ ಅಥವಾ ಮಾಸುತ್ತದೆ. ಹೆಚ್ಚಿನ ಕಿಟ್‌ಗಳಲ್ಲಿ ಗುಲಾಬಿಯಿಂದ ಹಳದಿಯ ಕಡೆಗೆ.

ಇಲ್ಲಿ ತಪ್ಪುವುದು ಅಳತೆ. ನೀರನ್ನು ಕಣ್ಣಂದಾಜಿನಲ್ಲಿ ಗೆರೆಯವರೆಗೆ ಸುರಿಯದೆ ಸೂಜಿ ತೆಗೆದ ಸಿರಿಂಜಿನಲ್ಲಿ ಅಳೆದು ಹಾಕಿ. ಕಿಟ್ ಹೇಳಿದಷ್ಟೇ ನಿಮಿಷ ಕಾಯಿರಿ, ಗಡಿಯಾರ ನೋಡಿ. ಬಣ್ಣವನ್ನು ಹಗಲ ಬೆಳಕಿನಲ್ಲಿ, ಹಿಂದೆ ಬಿಳಿ ಹಾಳೆ ಹಿಡಿದು ಹೋಲಿಸಿ. ಟ್ಯೂಬ್‌ಲೈಟಿನಡಿ 1ಕ್ಕೂ 1.5ಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಸಿಗುವುದಿಲ್ಲ. ನೀರಿನಲ್ಲಿ ಕ್ಲೋರಿನ್ ಉಳಿದಿದ್ದರೆ ಅದೇ ಬಣ್ಣ ಕಳೆದು ಫ್ಲೋರೈಡ್ ಹೆಚ್ಚು ಎಂದು ತೋರಿಸುತ್ತದೆ. ಹಳೆಯ ದ್ರಾವಣ ತಾನಾಗಿಯೇ ಮಾಸಿರುವುದೂ ಉಂಟು. ಹಾಗಾಗಿ ಪ್ರತಿ ಸಲ ಪಕ್ಕದಲ್ಲಿ ಇನ್ನೊಂದು ಟ್ಯೂಬಿಗೆ ಶುಭ್ರವಾಗಿ ಹಿಡಿದ ಮಳೆನೀರನ್ನೋ ಡಿಸ್ಟಿಲ್ಡ್ ವಾಟರನ್ನೋ ಹಾಕಿ ಅದೇ ಪರೀಕ್ಷೆ ಮಾಡಿ. ಅದರಲ್ಲಿ ಸೊನ್ನೆಯ ಬಣ್ಣ ಬರದಿದ್ದರೆ ಕಿಟ್ ಬಿಸಾಡಿ.

ಕಿಟ್ ಬಾವಿಯ ನೀರನ್ನು ಜರಡಿ ಹಿಡಿಯಲು ಸಾಕು, ಚಿಕಿತ್ಸೆ ತೀರ್ಮಾನಿಸಲು ಸಾಲದು. 1ರ ಹತ್ತಿರ ಅಥವಾ ಮೇಲೆ ಬಂದರೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಬಾಟಲಿ ಕೊಡಿ. ಫ್ಲೋರೈಡ್ ಜೊತೆಗೆ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ), ಆಲ್ಕಲಿನಿಟಿ (ಹುಳಿಯನ್ನು ತಡೆದುಕೊಳ್ಳುವ ಸೋಡಾ ಅಂಶದ ಪ್ರಮಾಣ), ಟಿಡಿಎಸ್, ಗಡಸುತನ, ನೈಟ್ರೇಟ್ ಇಷ್ಟನ್ನೂ ಕೇಳಿ ಬರೆಸಿ. ಆಲ್ಕಲಿನಿಟಿ ಗೊತ್ತಿಲ್ಲದೆ ಮುಂದಿನ ಲೆಕ್ಕ ನಡೆಯುವುದಿಲ್ಲ. ನೈಟ್ರೇಟ್ 45 ಮಿ.ಗ್ರಾಂ ದಾಟಿದ್ದರೆ ಮುಂದೆ ಹೇಳುವ ಪಟಿಕ, ಅಲ್ಯುಮಿನಾ ವಿಧಾನಗಳೆರಡನ್ನೂ ಬಿಟ್ಟು ಆರ್‌ಒ ಅಥವಾ ಮಳೆನೀರಿನ ಕಡೆ ಹೋಗಿ, ಪಟಿಕವಾಗಲಿ ಅಲ್ಯುಮಿನಾ ಆಗಲಿ ನೈಟ್ರೇಟ್ ತೆಗೆಯುವುದಿಲ್ಲ.

ತೆಗೆಯುವ ಮುನ್ನ

ಶುದ್ಧ ಮಾಡಬೇಕಾದದ್ದು ಕುಡಿಯುವ ಮತ್ತು ಅಡುಗೆಯ ನೀರು ಮಾತ್ರ. ಐದು ಜನರ ಮನೆಗೆ ದಿನಕ್ಕೆ 25 ಲೀಟರ್ ಸಾಕು. ಅಡುಗೆಯದನ್ನು ಮರೆಯಬೇಡಿ. ಅನ್ನ, ಮುದ್ದೆ, ಸಾರು ಹೀರಿಕೊಳ್ಳುವ ನೀರೂ ಕಡಿಮೆಯೇನಲ್ಲ. ಸ್ನಾನ, ಬಟ್ಟೆ, ಪಾತ್ರೆಗೆ ಬೋರ್ ನೀರೇ ಇರಲಿ.

ಆರ್‌ಸಿಸಿ ಅಥವಾ ಶೀಟಿನ ಮಾಡು ಇರುವವರು ಮಳೆನೀರಿನಿಂದ ಶುರುಮಾಡಿ, ಉಳಿದದ್ದೆಲ್ಲ ಆಮೇಲೆ. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ವರ್ಷಕ್ಕೆ 600 ಮಿ.ಮೀ. ಬೀಳುವ ಊರಿನಲ್ಲಿ 50 ಚದರ ಮೀಟರ್ ಮಾಡಿನಿಂದ, ಐದನೇ ಒಂದು ಪಾಲು ನಷ್ಟ ಕಳೆದರೂ, 24,000 ಲೀಟರ್ ಸಿಗುತ್ತದೆ. ನಿಮ್ಮ ವರ್ಷದ ಕುಡಿಯುವ, ಅಡುಗೆಯ ಬೇಡಿಕೆ 9,000ದ ಆಸುಪಾಸು. ಹತ್ತು ಸಾವಿರ ಲೀಟರಿನ ಮುಚ್ಚಿದ ತೊಟ್ಟಿ, ಮೊದಲ ಮಳೆಯನ್ನು ಹೊರಗೆ ಬಿಡುವ ಪೈಪು, ಮರಳು-ಜಲ್ಲಿಯ ಸೋಸುಕ ಇದ್ದರೆ ಕೆಲಸ ಮುಗಿಯಿತು.

ಪಟಿಕದ ಬಕೆಟ್

ತೊಟ್ಟಿಗೆ ಜಾಗ ಅಥವಾ ದುಡ್ಡು ಇಲ್ಲದವರಿಗೆ ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ರೂಪಿಸಿದ, ನಲ್ಗೊಂಡಾ ವಿಧಾನ ಎಂದು ಹೆಸರಾದ ದಾರಿಯಿದೆ. ಸಾಮಾನು ಅಗ್ಗ, ಆದರೆ ಅತಿ ಹೆಚ್ಚು ಜನ ಕೆಡಿಸುವುದೂ ಇದನ್ನೇ. ಪಟಿಕದ ಕಲ್ಲನ್ನು ಕೊಡದಲ್ಲಿ ನಾಲ್ಕು ಸುತ್ತು ತಿರುಗಿಸುವುದು ಈ ವಿಧಾನವಲ್ಲ. ಅಷ್ಟರಿಂದ ಕದಡಿದ ನೀರು ತಿಳಿಯಾಗುತ್ತದೆಯೇ ಹೊರತು ಫ್ಲೋರೈಡ್ ಇಳಿಯುವುದಿಲ್ಲ. ಟಿಡಿಎಸ್ 1,500 ದಾಟಿದ ನೀರಿಗೂ ಇದನ್ನು ಮಾಡಬೇಡಿ.

ಬೇಕಾದ್ದು ತಳದಿಂದ ಮೂರರಿಂದ ಐದು ಸೆಂ.ಮೀ. ಮೇಲೆ ನಲ್ಲಿ ಕೂರಿಸಿದ 40 ಲೀಟರಿನ ಪ್ಲಾಸ್ಟಿಕ್ ಬಕೆಟ್. ನಲ್ಲಿ ತಳಕ್ಕೆ ಅಂಟಿಕೊಂಡಿದ್ದರೆ ಗಸಿಯೇ ಹರಿದು ಬರುತ್ತದೆ.

ಮೊದಲು ಮೂರು ದ್ರಾವಣ ಮಾಡಿಟ್ಟುಕೊಳ್ಳಿ. 100 ಗ್ರಾಂ ಪಟಿಕವನ್ನು ಕರಗಿಸಿ ಒಟ್ಟು ಒಂದು ಲೀಟರ್ ಮಾಡಿ, ಆಗ ಒಂದು ಮಿ.ಲೀ.ಯಲ್ಲಿ 100 ಮಿ.ಗ್ರಾಂ ಪಟಿಕವಿರುತ್ತದೆ. ನೀರು ಹಾಕಿ ಅರಳಿಸಿದ ಸುಣ್ಣದ ಪುಡಿ 10 ಗ್ರಾಂ ತೆಗೆದುಕೊಂಡು ಇನ್ನೊಂದು ಲೀಟರಿಗೆ ಕಲಸಿ. ಅದು ಪೂರ್ತಿ ಕರಗುವುದಿಲ್ಲ, ಅಳೆಯುವ ಮುಂಚೆ ಪ್ರತಿ ಸಲ ಕುಲುಕಬೇಕು. 10 ಗ್ರಾಂ ಬ್ಲೀಚಿಂಗ್ ಪೌಡರನ್ನು ಮೂರನೇ ಬಾಟಲಿಯಲ್ಲಿ ಒಂದು ಲೀಟರಿಗೆ ಕದಡಿ. ಅದರ ಕಸುವು ಬೇಗ ಇಳಿಯುವುದರಿಂದ ಇದನ್ನು ಆಗಾಗ ಹೊಸದಾಗಿ ಮಾಡಿ.

ಪಟಿಕ ಕೊಳ್ಳುವಾಗ ಎಚ್ಚರ. ನೀರಿನ ಘಟಕಗಳಿಗೆ ಮಾರುವ ಫಿಲ್ಟರ್ ಆಲಂ ಅಲ್ಯುಮಿನಿಯಂ ಸಲ್ಫೇಟ್, ಅದರಲ್ಲಿ ಅಲ್ಯುಮಿನಿಯಂ ಶೇ 8ರ ಮೇಲಿದೆ. ದಿನಸಿ ಅಂಗಡಿಯ, ಕ್ಷೌರಕ್ಕೆ ಬಳಸುವ ಹರಳು ಪಟಿಕ ಪೊಟ್ಯಾಶ್ ಆಲಂ, ಅದರಲ್ಲಿ ಶೇ 6ಕ್ಕೂ ಕಡಿಮೆ. ಕೆಳಗಿನ ಅಳತೆಗಳು ಫಿಲ್ಟರ್ ಆಲಂನವು. ಹರಳು ಪಟಿಕವೇ ಗತಿ ಎಂದಾದರೆ ಪಟಿಕದ ಅಳತೆಯನ್ನು ಒಂದೂವರೆ ಪಟ್ಟು ಮಾಡಬೇಕು.

ಎಷ್ಟು ಹಾಕಬೇಕು? ಫ್ಲೋರೈಡ್ ಒಂದನ್ನೇ ನೋಡಿ ಹೇಳಲಾಗದು. ಆಲ್ಕಲಿನಿಟಿ 300 ಇರುವ ನೀರಿನಲ್ಲಿ ಫ್ಲೋರೈಡ್ 2 ಇದ್ದರೆ ಲೀಟರಿಗೆ ಸುಮಾರು 275 ಮಿ.ಗ್ರಾಂ ಪಟಿಕ, 3 ಇದ್ದರೆ ಸುಮಾರು 350. ಅದೇ 3ರ ಫ್ಲೋರೈಡ್, ಆಲ್ಕಲಿನಿಟಿ 500ರ ನೀರಿನಲ್ಲಿದ್ದರೆ 510ರಷ್ಟು ಬೇಕು. ಇವು ಆರಂಭದ ಅಂದಾಜು. ನಿಮ್ಮ ಬಾವಿಯ ನಿಜವಾದ ಅಳತೆ ಸಿಗುವುದು ಒಂದೊಂದು ಲೀಟರಿನ ಐದು ಬಾಟಲಿಗಳಲ್ಲಿ. ಅವುಗಳಿಗೆ 2, 3, 4, 5, 6 ಮಿ.ಲೀ. ಪಟಿಕದ ದ್ರಾವಣ, ಪ್ರತಿಯೊಂದಕ್ಕೂ ಅದರ ಅರ್ಧದಷ್ಟು ಸುಣ್ಣದ ನೀರನ್ನು ಕೆಳಗೆ ಬಕೆಟ್‌ಗೆ ಹೇಳಿದ ಕ್ರಮದಲ್ಲೇ ಹಾಕಿ ತಿರುಗಿಸಿ, ತಿಳಿಯಾದ ನೀರನ್ನು ಪ್ರಯೋಗಾಲಯಕ್ಕೆ ಕೊಡಿ. ಫ್ಲೋರೈಡ್ 1ರೊಳಗೆ ಇಳಿದ ಬಾಟಲಿಗಳಲ್ಲಿ ಅತಿ ಕಡಿಮೆ ಪಟಿಕದ್ದು ಯಾವುದೋ ಅದೇ ನಿಮ್ಮ ಅಳತೆ.

ಈಗ ಬಕೆಟ್. ಲೀಟರಿಗೆ 350 ಮಿ.ಗ್ರಾಂ ಎಂದಾದರೆ 40 ಲೀಟರಿಗೆ 14 ಗ್ರಾಂ, ಅಂದರೆ 140 ಮಿ.ಲೀ. ಪಟಿಕದ ದ್ರಾವಣ, 70 ಮಿ.ಲೀ. ಸುಣ್ಣದ ನೀರು, 12 ಮಿ.ಲೀ. ಬ್ಲೀಚಿಂಗ್ ದ್ರಾವಣ. ಮೊದಲು ಸುಣ್ಣ ಮತ್ತು ಬ್ಲೀಚಿಂಗ್, ಚೆನ್ನಾಗಿ ಬೆರೆಸಿ. ಆಮೇಲೆ ಪಟಿಕ. ಪಟಿಕ ಸುರಿಯುತ್ತಲೇ ಒಂದು ನಿಮಿಷ ಜೋರಾಗಿ ತಿರುಗಿಸಿ, ಮೂಲೆಮೂಲೆಗೂ ಹರಡಲಿ. ಅಲ್ಲಿಂದ ಹತ್ತು ನಿಮಿಷ ಮರದ ಸೌಟಿನಲ್ಲಿ ನಿಮಿಷಕ್ಕೆ ಹದಿನೈದು-ಇಪ್ಪತ್ತು ಸುತ್ತಿನಂತೆ ನಿಧಾನ.

ಇಲ್ಲಿಯೇ ತಾಳ್ಮೆ ಕೆಡುತ್ತದೆ. ನಿಧಾನವಾಗಿ ತಿರುಗಿಸಿದಾಗ ಅಲ್ಯುಮಿನಿಯಂ ಹೈಡ್ರಾಕ್ಸೈಡ್ ಹಿಂಜಿದ ಹತ್ತಿಯಂಥ ಬಿಳಿ ಎಸಳುಗಳಾಗಿ ಕೂಡಿಕೊಳ್ಳುತ್ತದೆ. ಫ್ಲೋರೈಡ್ ಅಂಟಿಕೊಳ್ಳುವುದು ಆ ಎಸಳಿಗೆ. ಮಜ್ಜಿಗೆ ಕಡೆದಂತೆ ಕಡೆದರೆ ಎಸಳು ಒಡೆದು ಪುಡಿಯಾಗಿ ತೇಲುತ್ತದೆ, ಬಟ್ಟೆಯ ಸಂದಿಯಲ್ಲಿ ನುಸುಳುತ್ತದೆ, ಹಿಡಿದ ಫ್ಲೋರೈಡನ್ನು ಲೋಟದವರೆಗೂ ಹೊತ್ತು ತರುತ್ತದೆ. ಬೇಗ ನಿಲ್ಲಿಸಿದರೆ ಎಸಳು ಕಟ್ಟುವುದೇ ಇಲ್ಲ. ಹತ್ತು ನಿಮಿಷ ಎಂದರೆ ಹತ್ತು ನಿಮಿಷ.

ಒಂದು ಗಂಟೆ ಅಲುಗಾಡಿಸದೆ ಬಿಡಿ. ನಲ್ಲಿಯನ್ನು ಅರ್ಧ ಮಾತ್ರ ತಿರುಗಿಸಿ, ನಾಲ್ಕು ಮಡಿಕೆಯ ಹತ್ತಿ ಬಟ್ಟೆಯ ಮೂಲಕ ಇಳಿಸಿ. ಕೊನೆಯ ನೀರಿಗಾಗಿ ಬಕೆಟ್ ವಾಲಿಸಬೇಡಿ. ರಾತ್ರಿ ಮಾಡಿಟ್ಟು ಬೆಳಗ್ಗೆ ಸೋಸುವ ಅಭ್ಯಾಸವೂ ಬೇಡ. ಗಸಿಯ ಮೇಲೆ ಹೆಚ್ಚು ಹೊತ್ತು ನಿಂತರೆ ಹಿಡಿದಿಟ್ಟ ಫ್ಲೋರೈಡ್ ಮತ್ತೆ ನಿಧಾನವಾಗಿ ನೀರಿಗೆ ಬಿಡುತ್ತದೆ.

ಸೋಸಿದ ನೀರಿನ ಪಿಎಚ್ ಅನ್ನು ಬಣ್ಣ ಬದಲಿಸುವ ಪಿಎಚ್ ಕಾಗದದ ಪಟ್ಟಿಯಲ್ಲಿ ನೋಡಿ, 6.5ರಿಂದ 7.5ರ ನಡುವೆ ಇರಬೇಕು. ಪ್ರತಿ 100 ಮಿ.ಗ್ರಾಂ ಪಟಿಕ ಸುಮಾರು 50 ಮಿ.ಗ್ರಾಂ ಆಲ್ಕಲಿನಿಟಿಯನ್ನು ತಿಂದುಹಾಕುತ್ತದೆ. ಆಲ್ಕಲಿನಿಟಿ ಕಡಿಮೆಯಿರುವ ನೀರಿಗೆ ಹೆಚ್ಚು ಪಟಿಕ ಸುರಿದರೆ ನೀರು ಹುಳಿಯಾಗಿ, ಅಲ್ಯುಮಿನಿಯಂ ಎಸಳು ಕಟ್ಟದೆ ಕರಗಿಯೇ ಉಳಿಯುತ್ತದೆ. ಒಗರು ರುಚಿ ಬಂದರೆ ಸಾಮಾನ್ಯವಾಗಿ ಇದೇ ಕಾರಣ, ಆ ನೀರು ಕುಡಿಯಬೇಡಿ. ಮುಂದಿನ ಸಲ ಸುಣ್ಣ ತುಸು ಹೆಚ್ಚಿಸಿ ನೋಡಿ.

ಪಟಿಕ ಹಾಕಿದ ನೀರನ್ನು ಬಣ್ಣದ ಕಿಟ್‌ನಲ್ಲಿ ಪರೀಕ್ಷಿಸಿ ನೆಮ್ಮದಿ ಪಡಬೇಡಿ. ಕರಗಿ ಉಳಿದ ಅಲ್ಯುಮಿನಿಯಂ ಫ್ಲೋರೈಡನ್ನು ಮರೆಮಾಡುವುದರಿಂದ ಕಿಟ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಈ ಒಂದು ಪರೀಕ್ಷೆಯನ್ನು ಫ್ಲೋರೈಡ್ ಎಲೆಕ್ಟ್ರೋಡ್ ಇರುವ ಪ್ರಯೋಗಾಲಯದಲ್ಲೇ ಮಾಡಿಸಿ. ಅಲ್ಲಿ ಮಾದರಿಗೆ ಬೆರೆಸುವ ಬಫರ್ ಎಂಬ ದ್ರಾವಣ ಅಲ್ಯುಮಿನಿಯಂನ ಹಿಡಿತದಿಂದ ಫ್ಲೋರೈಡನ್ನು ಬಿಡಿಸಿದ ಮೇಲೆ ಅಳೆಯುತ್ತಾರೆ. ಉಳಿದ ಅಲ್ಯುಮಿನಿಯಂ ಎಷ್ಟೆಂದೂ ಕೇಳಿ. ಮಾನಕದ ಮಿತಿ 0.03 ಮಿ.ಗ್ರಾಂ, ಬೇರೆ ನೀರಿಲ್ಲದಿದ್ದರೆ 0.2.

ಅಲ್ಯುಮಿನಾ ಫಿಲ್ಟರ್

ಸಕ್ರಿಯ ಅಲ್ಯುಮಿನಾ, ಅಂದರೆ ಫ್ಲೋರೈಡನ್ನು ಮೈಗೆ ಅಂಟಿಸಿಕೊಳ್ಳುವ ಅಲ್ಯುಮಿನಿಯಂ ಆಕ್ಸೈಡಿನ ಹರಳು, ತುಂಬಿದ ಎರಡು ಡಬ್ಬಿಯ ಫಿಲ್ಟರ್ ದಿನನಿತ್ಯಕ್ಕೆ ಬಕೆಟ್‌ಗಿಂತ ಸುಲಭ. ಒಂದು ಮಿ.ಮೀ.ಗಿಂತ ಸಣ್ಣ ಹರಳಿನದ್ದನ್ನೇ ಕೇಳಿ. ಕಂಪ್ರೆಸರಿನ ಗಾಳಿ ಒಣಗಿಸಲು ಮಾರುವ ಬಟಾಣಿ ಗಾತ್ರದ ಬಿಳಿ ಗುಂಡುಗಳನ್ನು ತುಂಬಿ ಕೊಡುವವರಿದ್ದಾರೆ, ಅದು ಫ್ಲೋರೈಡ್ ಹಿಡಿಯುವುದು ತೀರಾ ನಿಧಾನ. ಸೋಡಾ ಅಂಶದ ನೀರಿನಲ್ಲಿ ಒಂದು ಕಿಲೋ ಅಲ್ಯುಮಿನಾ ಒಂದೂವರೆಯಿಂದ ಎರಡು ಗ್ರಾಂ ಫ್ಲೋರೈಡ್ ಹಿಡಿದರೆ ಹೆಚ್ಚು. ಫ್ಲೋರೈಡ್ 3 ಇರುವ ನೀರಿಗೆ ಮೂರು ಕಿಲೋ ಹಾಸು ಸುಮಾರು 1,800 ಲೀಟರ್ ಬರುತ್ತದೆ, ದಿನಕ್ಕೆ 25 ಲೀಟರಿನಂತೆ ಎರಡು ತಿಂಗಳ ಮೇಲೆ ಸ್ವಲ್ಪ. ಹರಿವಿನ ವೇಗ ಕಡಿಮೆಯಾಗದೆಯೇ ಹಾಸು ಸೋಲುತ್ತದೆ. ಆದ್ದರಿಂದ ಒಂದೂವರೆ ತಿಂಗಳ ನಂತರ ವಾರಕ್ಕೊಮ್ಮೆ ಪರೀಕ್ಷೆ ಬೇಕೇ ಬೇಕು. ಸೋತ ಅಲ್ಯುಮಿನಾಕ್ಕೆ ಮರುಜೀವ ಕೊಡಲು ಕಾಸ್ಟಿಕ್ ಸೋಡಾ, ಆಮೇಲೆ ಗಂಧಕಾಮ್ಲ ಬೇಕಾಗುತ್ತದೆ. ಅಡುಗೆಮನೆಯಲ್ಲಿ ಇದಕ್ಕೆ ಕೈಹಾಕಬೇಡಿ, ಅಭ್ಯಾಸವಿರುವವರಿಗೆ ಕೊಡಿ.

ಆರ್‌ಒ ಇದ್ದರೆ ಆ ತಿರುಪು ನೋಡಿ

ಸರಿಯಾದ ಮೆಂಬ್ರೇನ್ (ಆರ್‌ಒ ಯಂತ್ರದೊಳಗಿನ ಸೋಸುವ ಪೊರೆ) ಫ್ಲೋರೈಡಿನ ಹತ್ತರಲ್ಲಿ ಒಂಬತ್ತು ಪಾಲು ತಡೆಯುತ್ತದೆ. ಆದರೆ ಅನೇಕ ಯಂತ್ರಗಳಲ್ಲಿ ರುಚಿಗೆಂದು ಟಿಡಿಎಸ್ ಕಂಟ್ರೋಲರ್ ಎಂಬ ತಿರುಪು ಇರುತ್ತದೆ. ಅದು ಮೆಂಬ್ರೇನ್ ದಾಟದ ನೀರನ್ನು ಮತ್ತೆ ಬೆರೆಸುತ್ತದೆ. ಕಚ್ಚಾ ನೀರಿನಲ್ಲಿ 3, ಶುದ್ಧ ನೀರಿನಲ್ಲಿ 0.2 ಇದ್ದು, ಅರ್ಧಕ್ಕರ್ಧ ಬೆರೆತರೆ ಲೋಟಕ್ಕೆ ಬರುವುದು 1.6. ಫ್ಲೋರೈಡ್ ಇರುವ ಊರಿನಲ್ಲಿ ಈ ತಿರುಪನ್ನು ಪೂರ್ತಿ ಮುಚ್ಚಿಸಿ. ಸರ್ವಿಸ್‌ಗೆ ಬಂದವರು ತೆರೆದು ಹೋಗಿರುತ್ತಾರೆ, ಪ್ರತಿ ಸಲ ನೋಡಿ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುವವರೂ ಆರು ತಿಂಗಳಿಗೊಮ್ಮೆ ಆ ನೀರನ್ನೇ ಪರೀಕ್ಷೆಗೆ ಕೊಡಿ.

ಉಳಿದ ಗಸಿ

ಬಕೆಟ್ಟಿನ ತಳದ ಗಸಿಯಲ್ಲಿ ನೀರಿನಿಂದ ಇಳಿದ ಫ್ಲೋರೈಡೆಲ್ಲ ಕೂಡಿರುತ್ತದೆ. ಕೈತೋಟಕ್ಕೆ, ಚರಂಡಿಗೆ, ದನದ ಕಲಗಚ್ಚಿಗೆ ಸುರಿಯಬೇಡಿ. ಬಾವಿಯಿಂದ ದೂರ, ಮಳೆನೀರು ನುಗ್ಗದ ಕಡೆ ಸಿಮೆಂಟು ಬಳಿದ ಸಣ್ಣ ಗುಂಡಿಯಲ್ಲಿ ಒಣಗಿಸಿ ಮುಚ್ಚಿಡಿ. ಆರ್‌ಒ ಹೊರಹಾಕುವ ನೀರಿನಲ್ಲೂ ಫ್ಲೋರೈಡ್ ಬಾವಿಯದಕ್ಕಿಂತ ಗಟ್ಟಿ. ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ. ಬೋರ್‌ವೆಲ್ ಪಕ್ಕದ ಇಂಗುಗುಂಡಿಗೆ ಮಾತ್ರ ಎಂದೂ ಬಿಡಬೇಡಿ.