ಎಕ್ಸ್‌ಪಿಎಸ್‌ನಂಥ ದುಬಾರಿ ಲ್ಯಾಪ್‌ಟಾಪ್ ಸರಣಿ ನಿಲ್ಲುತ್ತಿದೆಯೇ? ತಿಳಿಯುವುದು ಹೇಗೆ, ಮುಂದೇನು ಮಾಡಬೇಕು

ಸರಣಿ ನಿಂತುಹೋಗುತ್ತಿದೆ ಎಂಬ ಸುದ್ದಿ ಬಂದಾಗ ಮೊದಲು ವಿಚಾರಿಸಬೇಕಾದ್ದು ಇಷ್ಟು: ನಿಲ್ಲುತ್ತಿರುವುದು ಹೆಸರೋ, ಯಂತ್ರವೋ, ಬಿಡಿಭಾಗಗಳ ಪೂರೈಕೆಯೋ? ಡೆಲ್ ಕಂಪನಿ 2025ರ ಜನವರಿಯಲ್ಲಿ ತನ್ನ ದುಬಾರಿ ಲ್ಯಾಪ್‌ಟಾಪ್‌ಗಳ ಎಕ್ಸ್‌ಪಿಎಸ್ ಹೆಸರನ್ನು ಕೈಬಿಟ್ಟಿತು. ಅದೇ ವರ್ಷದ ಮಧ್ಯದಲ್ಲಿ ಎಕ್ಸ್‌ಪಿಎಸ್ 14 ಮತ್ತು 16ರ ಜಾಗಕ್ಕೆ ಡೆಲ್ 14 ಪ್ರೀಮಿಯಂ, ಡೆಲ್ 16 ಪ್ರೀಮಿಯಂ ಬಂದವು. 2026ರ ಜನವರಿಯಲ್ಲಿ ಎಕ್ಸ್‌ಪಿಎಸ್ ಹೆಸರೇ ಮರಳಿತು. ಕೀಬೋರ್ಡಿನ ಮೇಲ್ಸಾಲಿನಲ್ಲಿದ್ದ ಟಚ್ ಪಟ್ಟಿ ಹೋಗಿ ಒತ್ತುವ ಫಂಕ್ಷನ್ ಕೀಗಳೂ ಬಂದವು. ಹೆಸರು ಹೋಯಿತೆಂದು ಗಾಬರಿಯಾಗಿ ಇದ್ದ ಯಂತ್ರವನ್ನು ಮಾರುವ ಕಾರಣ ಯಾರಿಗೂ ಇರಲಿಲ್ಲ.

ಯಂತ್ರವೇ ನಿಲ್ಲುವ ಸೂಚನೆ ಪ್ರೊಸೆಸರ್‌ನಲ್ಲಿ ಸಿಗುತ್ತದೆ. ಇಂಟೆಲ್ ಹೊಸ ಪೀಳಿಗೆ ತಂದು ವರ್ಷವಾದರೂ ಸರಣಿಗೆ ಅದು ಬರದಿದ್ದರೆ ಅನುಮಾನಿಸಿ. ಅದೇ ಅಳತೆಯ, ಅದೇ ಬೆಲೆಯ ಬೇರೊಂದು ಮಾದರಿಯೂ ಬಂದಿದ್ದರೆ ಅನುಮಾನ ಬಹುಮಟ್ಟಿಗೆ ನಿಜ. ಆಪಲ್‌ನ 12 ಇಂಚಿನ ಮ್ಯಾಕ್‌ಬುಕ್ 2015ರಲ್ಲಿ ಬಂತು, 2016 ಮತ್ತು 2017ರಲ್ಲಿ ಹೊಸ ಪ್ರೊಸೆಸರ್ ಪಡೆಯಿತು. 2018ರಲ್ಲಿ ಏನೂ ಬರಲಿಲ್ಲ, ಆ ವರ್ಷದ ಕೊನೆಗೆ ರೆಟಿನಾ ಪರದೆಯ ಮ್ಯಾಕ್‌ಬುಕ್ ಏರ್ ಬಂತು. 2019ರ ಜುಲೈನಲ್ಲಿ 12 ಇಂಚಿನದು ಮಾರಾಟದಿಂದಲೇ ಹೋಯಿತು. ದಸರಾ, ದೀಪಾವಳಿಯ ರಿಯಾಯಿತಿಯನ್ನು ಮಾತ್ರ ಸಾಕ್ಷಿಯಾಗಿ ಹಿಡಿಯಬೇಡಿ. ಹೊಸ ಮಾದರಿ ಬರುವ ಮುನ್ನ ಹಳೆಯ ದಾಸ್ತಾನು ಅಗ್ಗವಾಗುವುದು ಪ್ರತಿವರ್ಷದ ವಾಡಿಕೆ.

ಕೊನೆಯ ದಾಸ್ತಾನು ಕೊಳ್ಳಬಹುದೇ? ಬೆಲೆ ಚೆನ್ನಾಗಿದ್ದರೆ ಖಂಡಿತ ಕೊಳ್ಳಬಹುದು, ಆದರೆ ಮಾದರಿ ಸಂಖ್ಯೆ ನೋಡಿ. 2023ರ ಎಕ್ಸ್‌ಪಿಎಸ್ 15, ಅಂದರೆ 9530ರಲ್ಲಿ ರ‍್ಯಾಮ್‌ಗೆ ಎರಡು ಸ್ಲಾಟ್, ಕಡತಗಳು ಉಳಿಯುವ ಎಸ್‌ಎಸ್‌ಡಿಗೆ ಎರಡು ಸ್ಲಾಟ್ ಇವೆ, ಅಂದರೆ ಅವನ್ನು ಬಿಚ್ಚಿ ಬದಲಿಸಬಹುದು. 2024ರ ಎಕ್ಸ್‌ಪಿಎಸ್ 14 ಮತ್ತು 16ರಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿದೆ. ಅಲ್ಲಿ ರ‍್ಯಾಮ್ ಕೆಟ್ಟರೆ ಇಡೀ ಮದರ್‌ಬೋರ್ಡ್ ಬದಲಿಸಬೇಕು. ನಿಂತ ಸರಣಿಯಲ್ಲಿ ಸಿಗುವುದು ಕಷ್ಟವಾಗುವ ಭಾಗವೂ ಅದೇ. ಆದ್ದರಿಂದ ಅಂಥದ್ದನ್ನು ಕೊಂಡರೆ 16 ಜಿಬಿಗೆ ತೃಪ್ತರಾಗದೆ 32 ಜಿಬಿ ಹಿಡಿಯಿರಿ, ವಾರಂಟಿಯನ್ನು ಮೂರು ವರ್ಷಕ್ಕೆ ವಿಸ್ತರಿಸಿ. ತಳದಲ್ಲಿರುವ ಏಳು ಅಕ್ಷರ-ಅಂಕಿಗಳ ಸರ್ವೀಸ್ ಟ್ಯಾಗನ್ನು ಡೆಲ್ ಸಪೋರ್ಟ್ ತಾಣದಲ್ಲಿ ಹಾಕಿದರೆ ವಾರಂಟಿ ಮುಗಿಯುವ ದಿನ ಕಾಣುತ್ತದೆ. ಅಂಗಡಿಯಲ್ಲಿ ವರ್ಷಗಟ್ಟಲೆ ಕೂತ ಪೆಟ್ಟಿಗೆಯಾದರೆ ವಾರಂಟಿ ಆಗಲೇ ಸವೆದಿರಬಹುದು. ದುಡ್ಡು ಕೊಡುವ ಮುನ್ನವೇ ನೋಡಿ, ದಿನಾಂಕ ತಪ್ಪಿದ್ದರೆ ಬಿಲ್ಲಿನ ಆಧಾರದ ಮೇಲೆ ತಿದ್ದಿಸಿ.

ಬಿಡಿಭಾಗಗಳ ವಿಷಯದಲ್ಲಿ ಆಪಲ್‌ನ ಲೆಕ್ಕ ಬೇರೆ. ಕಂಪನಿ ಮಾರಾಟಕ್ಕೆ ಒದಗಿಸುವುದನ್ನು ನಿಲ್ಲಿಸಿ ಐದು ವರ್ಷ ದಾಟಿದರೆ ಯಂತ್ರ ವಿಂಟೇಜ್, ಅಂದರೆ ಬಿಡಿಭಾಗ ಸಿಕ್ಕರೆ ಮಾತ್ರ ರಿಪೇರಿ; ಏಳು ದಾಟಿದರೆ ಸಾಮಾನ್ಯವಾಗಿ ಬಿಡಿಭಾಗವಿಲ್ಲ. ಎಣಿಕೆ ನೀವು ಕೊಂಡ ದಿನದಿಂದಲ್ಲ.

ಈಗಾಗಲೇ ಎಕ್ಸ್‌ಪಿಎಸ್ ಇಟ್ಟುಕೊಂಡವರು ಬ್ಯಾಟರಿಯನ್ನು ಜೋಪಾನ ಮಾಡಬೇಕು, ಎಲ್ಲಕ್ಕಿಂತ ಮೊದಲು ಸೋಲುವುದು ಅದು. ಆನ್ ಮಾಡುವಾಗ ಎಫ್2 ಒತ್ತಿ ಬಯಾಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮುನ್ನದ ಸೆಟ್ಟಿಂಗ್ ಪರದೆಗೆ ಹೋದರೆ ಬ್ಯಾಟರಿಯ ಆರೋಗ್ಯ ಕಾಣುತ್ತದೆ. ಸದಾ ಚಾರ್ಜರಿಗೆ ಚುಚ್ಚಿಟ್ಟು ಬಳಸುವವರು ಅಲ್ಲೇ ಚಾರ್ಜ್ 50 ಪ್ರತಿಶತಕ್ಕೆ ಇಳಿದಾಗ ಶುರುವಾಗಿ 80ಕ್ಕೆ ನಿಲ್ಲುವಂತೆ ಹೊಂದಿಸಲಿ. ಟಚ್‌ಪ್ಯಾಡ್ ಉಬ್ಬಿದ್ದರೆ ಅಥವಾ ಕ್ಲಿಕ್ ಬಿಗಿಯಾದರೆ ಬ್ಯಾಟರಿ ಊದಿಕೊಂಡಿರುವ ಸಾಧ್ಯತೆ ಹೆಚ್ಚು. ಚಾರ್ಜ್ ಮಾಡುವುದನ್ನು ತಕ್ಷಣ ನಿಲ್ಲಿಸಿ, ಒತ್ತಿ ಕೂರಿಸಲು ಹೋಗಬೇಡಿ, ಬ್ಯಾಟರಿಗೆ ತೂತು ಬಿದ್ದರೆ ಬೆಂಕಿ ಹತ್ತಬಹುದು. ಬದಲಿ ಬ್ಯಾಟರಿಯನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಂಥಲ್ಲಿ ಕೊಳ್ಳುವಾಗ ತಯಾರಿಕೆಯ ದಿನಾಂಕ ಕೇಳಿ. ಬಳಸದೆ ಇಟ್ಟ ಬ್ಯಾಟರಿಗೂ ವಯಸ್ಸಾಗುತ್ತದೆ. ಮುಂದೆ ಬೇಕಾದೀತೆಂದು ಈಗಲೇ ಒಂದು ಕೊಂಡಿಡುವುದೂ ಇದೇ ಕಾರಣಕ್ಕೆ ದಂಡ.

ಎಕ್ಸ್‌ಪಿಎಸ್ 15ಕ್ಕೆ ಬರುವ 130 ವ್ಯಾಟ್ ಟೈಪ್-ಸಿ ಚಾರ್ಜರ್ ಡೆಲ್‌ನದ್ದೇ ವ್ಯವಸ್ಥೆ. ಬೇರೆ ಕಂಪನಿಯ 100 ವ್ಯಾಟ್‌ನದನ್ನು ಹಾಕಿದರೆ ಎಚ್ಚರಿಕೆಯ ಸೂಚನೆ ಬರಬಹುದು, ಭಾರದ ಕೆಲಸದಲ್ಲಿ ವೇಗವೂ ತಗ್ಗಬಹುದು. ಅದನ್ನು ಕಂಡು ಲ್ಯಾಪ್‌ಟಾಪ್ ಕೆಟ್ಟಿತೆಂದು ರಿಪೇರಿಗೆ ಒಯ್ಯಬೇಡಿ. ಮದರ್‌ಬೋರ್ಡ್ ಬದಲಿಸುವ ಪ್ರಸಂಗ ಬಂದರೆ ಮೊದಲು ಬಿಟ್‌ಲಾಕರ್ (ವಿಂಡೋಸ್ ಕಡತಗಳಿಗೆ ಹಾಕುವ ಬೀಗ) ರಿಕವರಿ ಕೀಯನ್ನು ಕಾಗದದ ಮೇಲೆ ಬರೆದುಕೊಳ್ಳಿ. ಹೊಸ ಬೋರ್ಡ್ ಕೂತ ಮೇಲೆ 48 ಅಂಕಿಗಳ ಆ ಕೀ ಇಲ್ಲದಿದ್ದರೆ ಎಸ್‌ಎಸ್‌ಡಿ ಸರಿಯಿದ್ದರೂ ಒಳಗಿನ ಕಡತಗಳು ತೆರೆಯುವುದಿಲ್ಲ.